‘ಸರ್ವರ್ ಇಲ್ಲ’ ಎಂಬ ಕಾನೂನು ಎಲ್ಲೂ ಇಲ್ಲ

‘ಸರ್ವರ್ ಇಲ್ಲ, ನಾಳೆ ಬಾ.’ ‘ಹೆಬ್ಬೆಟ್ಟು ತಗೊಳ್ತಿಲ್ಲ.’ ‘ಓಟಿಪಿ ಬರದಿದ್ರೆ ನಾವೇನ್ ಮಾಡೋದು?’ ಹಳ್ಳಿಯ ಆಸ್ಪತ್ರೆ, ಶಾಲೆ, ನಾಡಕಚೇರಿಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತುಗಳಿವು. ಕೇಳಿದವರು ತಮ್ಮದೇ ತಪ್ಪೇನೋ ಎಂಬಂತೆ ತಲೆತಗ್ಗಿಸಿ ಬಸ್ಸು ಹತ್ತುತ್ತಾರೆ. ಹಾಗೆ ಹತ್ತುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಮೊದಲು ಆರೋಗ್ಯ. ಇ-ಸಂಜೀವಿನಿ ಬಂದ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಟ್ಯಾಬ್ ಹಿಡಿದು, ದೂರದ ವೈದ್ಯರನ್ನು ಪರದೆಯ ಮೇಲೆ ತೋರಿಸುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಒಳ್ಳೆಯ ವ್ಯವಸ್ಥೆಯೇ, ಸಣ್ಣಪುಟ್ಟ ಕಾಯಿಲೆಗೆ ಒಂದು ದಿನದ ಕೂಲಿ ಉಳಿಯುತ್ತದೆ. ಆದರೆ 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವೈದ್ಯರಿಗೆ ಕೆಲವು ಕಟ್ಟುಪಾಡು ಹಾಕಿದೆ. ಅವರು ತಮ್ಮ ಹೆಸರು, ವಿದ್ಯಾರ್ಹತೆ ಹೇಳಬೇಕು. ಔಷಧ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ಅಮಲು ಬರಿಸುವ, ದುರ್ಬಳಕೆಗೆ ಒಳಗಾಗುವ ಕೆಲವು ಔಷಧಗಳನ್ನು ಪರದೆಯ ಮೂಲಕ ಬರೆದುಕೊಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಅದರಲ್ಲಿದೆ, ಹಳ್ಳಿಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ: ರೋಗಿ ‘ನಾನೇ ಬರುತ್ತೇನೆ, ಎದುರಿಗೇ ನೋಡಿ’ ಎಂದರೆ, ಪರದೆಯಲ್ಲೇ ತೋರಿಸಿಕೋ ಎಂದು ವೈದ್ಯರು ಒತ್ತಾಯಿಸುವಂತಿಲ್ಲ. ಒತ್ತಾಯಿಸಿದರೆ ಅದು ವೃತ್ತಿ ದುರ್ನಡತೆ. ನಡುವೆ ಎದ್ದು ಹೋಗುವ ಸ್ವಾತಂತ್ರ್ಯವೂ ರೋಗಿಗಿದೆ.

ಇನ್ನು 14 ಅಂಕಿಗಳ ಆಭಾ ಸಂಖ್ಯೆ. ಅದನ್ನು ಮಾಡಿಸುವುದು ನಿಮ್ಮ ಇಷ್ಟ. ಬೇಡವೆನಿಸಿದರೆ ರದ್ದು ಮಾಡಿಸಲೂಬಹುದು. ಅದು ನಿಮ್ಮ ಚಿಕಿತ್ಸಾ ದಾಖಲೆಗಳನ್ನು ಒಂದೆಡೆ ಜೋಡಿಸುವ ಗುರುತು ಅಷ್ಟೇ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬೇರೆಯೇ ಯೋಜನೆ. ಎರಡನ್ನೂ ಒಂದೆಂದು ತಿಳಿದು, ಆಭಾ ಕಾರ್ಡ್ ಹಿಡಿದು ಆಪರೇಷನ್ನಿಗೆ ಹೋಗಿ ಪೆಚ್ಚಾದವರಿದ್ದಾರೆ.

ಶಾಲೆಯ ವಿಷಯದಲ್ಲಿ ಕಾನೂನು ಇನ್ನಷ್ಟು ಖಡಕ್ಕಾಗಿದೆ. ಆಧಾರ್ ಇಲ್ಲವೆಂದು ಮಗುವಿನ ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿದೆ. 2019ರಲ್ಲಿ ಆಧಾರ್ ಕಾಯ್ದೆಗೆ ಸೇರಿದ 3ಎ ಕಲಂ ಪ್ರಕಾರ, ಬೆರಳಚ್ಚು ಹೊಂದಲಿಲ್ಲ, ಸಂಖ್ಯೆಯೇ ಇಲ್ಲ ಎಂಬ ಕಾರಣಕ್ಕೆ ಮಗುವಿಗೆ ಬರಬೇಕಾದ ಸೌಲಭ್ಯ ತಪ್ಪಿಸುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳಿಗೆ ವಯಸ್ಸಿನ ದಾಖಲೆ ಇಲ್ಲದಿದ್ದರೂ ಪ್ರವೇಶ ಕೊಡಬೇಕೆನ್ನುತ್ತದೆ. ಮಗುವಿನ ಹಕ್ಕಿಗೆ ಧಕ್ಕೆಯಾದರೆ ಅದೇ ಕಾಯ್ದೆಯ 32ನೇ ಕಲಂ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. 3 ತಿಂಗಳೊಳಗೆ ತೀರ್ಮಾನವಾಗಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಗುವಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ‘ಅರಿವು ಕೇಂದ್ರ’ ಇದೆ. ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18ರ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿನ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಈ ಎಲ್ಲದರ ಬೆನ್ನಿಗೆ 2025ರ ಏಪ್ರಿಲ್ 30ರ ತೀರ್ಪಿದೆ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಗುರುತು ದೃಢಪಡಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿಹೀನರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕಿನ ಹಕ್ಕಿನ ಭಾಗ ಎಂದಿತು. ಗುದ್ದಲಿ ಹಿಡಿದು ಸವೆದ ಬೆರಳಿಗೂ ಇದು ಆಸರೆಯಾಗಬೇಕಾದ ಮಾತು ಎಂದೇ ನನ್ನ ಅನಿಸಿಕೆ.

ಸರಿ, ಕೌಂಟರಿನಲ್ಲಿ ‘ಇಲ್ಲ’ ಎಂದರು, ಮುಂದೇನು? ಜಗಳ ಬೇಡ, ಕಾಗದ ಬೇಕು. ಯಾವ ಸೇವೆ ಕೇಳಿದಿರಿ, ಯಾವ ದಿನ, ಏನು ಕಾರಣ ಹೇಳಿದರು ಎಂದು ಅರ್ಧ ಪುಟ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ, ಆದಾಯ ಪತ್ರಗಳು, ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಮೊತ್ತ ಪುಟ್ಟದು, ಆದರೆ ವಿಳಂಬ ಮಾಡಿದ ಅಧಿಕಾರಿಯ ಹೆಸರು ಕಡತದಲ್ಲಿ ಬೀಳುತ್ತದೆ.

ಆರೋಗ್ಯ ಮಂದಿರದ ಟ್ಯಾಬ್ ಕೆಟ್ಟು ತಿಂಗಳಾಗಿದೆಯೇ? ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ: ಎಷ್ಟು ದಿನ ಕೆಟ್ಟಿತ್ತು, ದುರಸ್ತಿಗೆ ಬರೆದ ಪತ್ರದ ನಕಲು ಕೊಡಿ ಎಂದು ಕೇಳಿ. ಬಿಪಿಎಲ್ ಕಾರ್ಡಿದ್ದರೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಉತ್ತರಕ್ಕೆ 30 ದಿನ.

ಇಷ್ಟಾಗಿಯೂ ದಾರಿ ಕಾಣದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಹೋಗುವಾಗ ಆ ಅರ್ಧ ಪುಟದ ಸ್ವೀಕೃತಿ ಜೊತೆಗಿರಲಿ.