ತೊಟ್ಟಿಲಿಗಾಗಿ ಕಾದಿರುವ ಮನೆಗಳಿಗೆ



ಒಂದು ಸಂಜೆ ಜಪಸರ ಮುಗಿದ ಮೇಲೆ ಗಂಡಹೆಂಡತಿ ಇಬ್ಬರು ಗುರುಮನೆಗೆ ಬಂದರು. ಮದುವೆಯಾಗಿ ಏಳು ವರ್ಷ, ಮಡಿಲು ತುಂಬಿಲ್ಲ. ಆಕೆಯ ಕೈಯಲ್ಲಿದ್ದ ಕ್ಯಾಲೆಂಡರಿನ ತುಂಬ ಕೆಂಪು ಗುರುತುಗಳು. ಗಂಡನ ಪರೀಕ್ಷೆಯಲ್ಲಿ ವೀರ್ಯಾಣುಗಳೇ ಕಂಡಿರಲಿಲ್ಲ. ಪರಿಚಿತರೊಬ್ಬರಿಂದ ವೀರ್ಯ ಪಡೆದು, ದಿನ ನೋಡಿ, ಸಿರಿಂಜಿನಿಂದ ಮನೆಯಲ್ಲೇ ಗರ್ಭಧಾರಣೆಗೆ ಪ್ರಯತ್ನಿಸಬೇಕೆಂದಿದ್ದರು. "ಇದರಲ್ಲಿ ಹಾದರವೇನೂ ಇಲ್ಲವಲ್ಲ ಫಾದರ್, ತಪ್ಪೇನು?" ಎಂದು ಕೇಳಿದರು. ನಮ್ಮಂಥವರಿಗೆ ಉಪಯೋಗವಾಗುವುದಾದರೆ ಗುರುತು ಸಿಗದಂತೆ ಬರೆಯಿರಿ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದೇಹದ ಗುರುತುಗಳು

ಮೊದಲು ಆ ಕ್ಯಾಲೆಂಡರಿನ ಮಾತು. ಫಲವತ್ತಾದ ದಿನಗಳನ್ನು ತಿಳಿದುಕೊಳ್ಳುವುದು ನಾಚಿಕೆಯ ವಿಷಯವಲ್ಲ. ಅಂಡಾಶಯದಿಂದ ಹೊರಬಂದ ಅಂಡಾಣು 12ರಿಂದ 24 ಗಂಟೆ ಮಾತ್ರ ಬದುಕುತ್ತದೆ. ವೀರ್ಯಾಣುವಾದರೋ ಅನುಕೂಲ ಸ್ಥಿತಿಯಲ್ಲಿ ಐದು ದಿನ ಉಳಿಯಬಲ್ಲದು. ಆದ್ದರಿಂದ ಅಂಡೋತ್ಪತ್ತಿಯ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಸುಮಾರು ಆರು ದಿನ ಗರ್ಭ ನಿಲ್ಲುವ ಅವಕಾಶವಿರುತ್ತದೆ.

ಮುಟ್ಟಾದ 14ನೆಯ ದಿನವೇ ಎಲ್ಲರಿಗೂ ಆ ದಿನ ಎಂದು ಎಣಿಸುವುದು ತಪ್ಪು. ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. 35 ದಿನದ ಋತುಚಕ್ರವಿರುವವರಿಗೆ ಅದು 21ನೆಯ ದಿನದ ಹೊತ್ತಿಗೆ ಬರಬಹುದು. ಸ್ರಾವವು ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಜಾರುವಂತೆ, ಎಳೆದರೆ ಎಳೆಯಾಗುವಂತೆ ಇದ್ದರೆ ಅದು ಫಲವತ್ತತೆಯ ಲಕ್ಷಣ. ಬೆಳಿಗ್ಗೆ ಏಳುವ ಮುನ್ನ ನೋಡುವ ದೇಹದ ಉಷ್ಣತೆ ಅಂಡೋತ್ಪತ್ತಿಯ ನಂತರವಷ್ಟೇ ಸ್ವಲ್ಪ ಏರುತ್ತದೆ. ಅಂದರೆ ಅದು ಆಗಿಹೋದದ್ದನ್ನು ಹೇಳುತ್ತದೆ, ಬರಲಿರುವುದನ್ನಲ್ಲ.

ಸ್ರಾವ ನೋಡುವ ಈ ಕ್ರಮವನ್ನು ಆಸ್ಟ್ರೇಲಿಯಾದ ಮೆಲ್ಬರ್ನಿನ ವೈದ್ಯ ಜಾನ್ ಬಿಲ್ಲಿಂಗ್ಸ್ 1953ರಲ್ಲಿ ಅಧ್ಯಯನ ಮಾಡತೊಡಗಿದರು. ಅವರ ಪತ್ನಿ ಡಾ. ಎವೆಲಿನ್ ಅದರಲ್ಲಿ ಜೊತೆಯಾದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐದು ಕೇಂದ್ರಗಳಲ್ಲಿ ಪರೀಕ್ಷಿಸಿತು. ನಮ್ಮ ಬೆಂಗಳೂರೂ ಅವುಗಳಲ್ಲೊಂದು. 1981ರಲ್ಲಿ ಪ್ರಕಟವಾದ ವರದಿಯಂತೆ ಶೇಕಡ 93 ಮಂದಿ ಸ್ತ್ರೀಯರು ಮೊದಲ ಋತುಚಕ್ರದಲ್ಲೇ ಈ ಲಕ್ಷಣವನ್ನು ಸರಿಯಾಗಿ ಗುರುತಿಸಿ ಬರೆದಿಟ್ಟರು.

ಇಬ್ಬರೂ ವೈದ್ಯರ ಬಳಿಗೆ

ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ಕಾಣಿರಿ. ಇಬ್ಬರೂ ಹೋಗಿರಿ. 'ಬಂಜೆ' ಎಂಬ ಕ್ರೂರ ಪದವನ್ನು ಹೆಣ್ಣಿಗೆ ಮಾತ್ರ ಅಂಟಿಸುತ್ತೇವೆ. ಆದರೆ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ. ಥೈರಾಯ್ಡ್ ತೊಂದರೆ, ಗರ್ಭನಾಳದ ಕ್ಷಯರೋಗ, ಗಂಡಸರಲ್ಲಿ ನಾಳದ ಅಡಚಣೆ ಇವುಗಳಲ್ಲಿ ಚಿಕಿತ್ಸೆಗೆ ಬಗ್ಗುವವು ಎಷ್ಟೋ. ವೀರ್ಯಾಣು ಇಲ್ಲವೆಂಬ ಒಂದೇ ವರದಿ ಕೊನೆಯ ಮಾತಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು, ಕಾರಣ ಹುಡುಕಬೇಕು. ದಂಪತಿಗಳ ಮಿಲನಕ್ಕೆ ನೆರವಾಗುವ ಚಿಕಿತ್ಸೆಯನ್ನು ಧರ್ಮಸಭೆ ಸಂತೋಷದಿಂದ ಸ್ವೀಕರಿಸುತ್ತದೆ.

ಮೂರನೆಯವರು ಬಂದಾಗ

ಇನ್ನು ಅವರ ಪ್ರಶ್ನೆ. ಅವರಿಬ್ಬರಲ್ಲಿ ಕಾಮವಿರಲಿಲ್ಲ, ಕಣ್ಣೀರಿತ್ತು. ಹಾದರದ ಮನಸ್ಸು ಇದಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೂ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1949ರಲ್ಲೇ ಇದನ್ನು ತಿರಸ್ಕರಿಸಿದರು. 1987ರ 'ದೋನುಂ ವೀಟೆ' ಎಂಬ ಬೋಧನೆ ಕಾರಣಗಳನ್ನು ವಿವರಿಸಿತು. ವಿವಾಹ ಸಂಸ್ಕಾರದಲ್ಲಿ ಗಂಡಹೆಂಡಿರು ಒಬ್ಬರಿಂದೊಬ್ಬರು ಮಾತ್ರ ತಂದೆತಾಯಿಗಳಾಗುವೆವೆಂದು ತಮ್ಮನ್ನು ಕೊಟ್ಟುಕೊಂಡಿದ್ದಾರೆ. ಮಗುವಿಗೂ ಆ ಬಂಧದಿಂದಲೇ ಹುಟ್ಟುವ ಹಕ್ಕಿದೆ. ಮಗು ನಮಗೆ ಬರಬೇಕಾದ ಬಾಕಿಯಲ್ಲ, ವರದಾನ. "ನನ್ನ ತಂದೆ ಯಾರು?" ಎಂದು ಅದು ಒಂದು ದಿನ ಕೇಳಿದರೆ ಯಾವ ಗುಟ್ಟನ್ನು ಉತ್ತರವಾಗಿ ಕೊಡುತ್ತೀರಿ?

ಸಾರಳು ತನ್ನ ದಾಸಿ ಹಾಗಾರಳನ್ನು ಅಬ್ರಹಾಮನಿಗೆ ಕೊಟ್ಟದ್ದು ಕೆಟ್ಟ ಮನಸ್ಸಿನಿಂದಲ್ಲ. ಆದರೂ ಆ ಮನೆಯಲ್ಲಿ ಮೂವರೂ ನೊಂದರು; ಕೊನೆಗೆ ಹಾಗಾರಳೂ ಬಾಲಕನೂ ಅಡವಿಯ ಪಾಲಾದರು. ಅಲ್ಲಿ ಆ ಬಾಲಕನ ಅಳುವಿಗೆ ದೇವರು ಕಿವಿಗೊಟ್ಟರೆಂಬುದನ್ನು ಮರೆಯಬೇಡಿ. ಹೇಗೇ ಹುಟ್ಟಿರಲಿ, ಮಗು ದೇವರ ಮಗುವೇ. ಅಂಥ ಮಗು ನಮ್ಮ ಧರ್ಮಕೇಂದ್ರದಲ್ಲಿದ್ದರೆ ಅದಕ್ಕೂ ಅದರ ತಂದೆತಾಯಿಗೂ ನಮ್ಮಿಂದ ಸಿಗಬೇಕಾದದ್ದು ಪ್ರೀತಿ, ಪಿಸುಮಾತಲ್ಲ.

ಮನೆಯಲ್ಲಿ ಮಾಡಿಕೊಳ್ಳುವುದರಲ್ಲಿ ಬೇರೆ ಅಪಾಯಗಳೂ ಇವೆ. ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೂ ಸಿಗದಿರಬಹುದು. ದಾನಿಗಳ ತಪಾಸಣೆ ಮತ್ತು ವೀರ್ಯ ಸಂಗ್ರಹವನ್ನು ನೋಂದಾಯಿತ ಬ್ಯಾಂಕುಗಳೇ ಮಾಡಬೇಕೆಂದು 2021ರ ಕಾನೂನು ಹೇಳುತ್ತದೆ. ಗುಟ್ಟಿನ ಒಪ್ಪಂದಕ್ಕೆ ಆ ಕಾನೂನಿನ ಆಸರೆಯಿಲ್ಲ. ಬ್ಯಾಂಕಿನ ಮೂಲಕವಾದರೆ ಈ ಅಪಾಯ ಕಡಿಮೆಯಾಗುತ್ತದೆ, ನಿಜ. ಆದರೆ ನಾನು ಮೊದಲು ಹೇಳಿದ ಕಾರಣ ಹಾಗೆಯೇ ಉಳಿಯುತ್ತದೆ.

ತೆರೆದಿರುವ ಬಾಗಿಲು

ಹಿಂದೆ ಕ್ರೈಸ್ತರು 1890ರ ಕಾನೂನಿನಂತೆ ಮಗುವಿಗೆ ಪೋಷಕರು ಮಾತ್ರ ಆಗಬಹುದಿತ್ತು. ಈಗ 2015ರ ಬಾಲನ್ಯಾಯ ಕಾನೂನಿನಂತೆ ದತ್ತು ಪಡೆದ ಮಗು ಎಲ್ಲ ಹಕ್ಕುಗಳೊಂದಿಗೆ ಸ್ವಂತ ಮಗುವೇ. ಎರಡು ವರ್ಷದ ಸ್ಥಿರ ದಾಂಪತ್ಯ ಮತ್ತು ಇಬ್ಬರ ಒಪ್ಪಿಗೆ ಬೇಕು. ನೋಂದಣಿ ಸರ್ಕಾರದ 'ಕಾರಾ' ಸಂಸ್ಥೆಯ ಮೂಲಕ. ಸಂತ ಜೋಸೆಫರ ಮನೆಯನ್ನು ನೆನೆಯಿರಿ. ಆದರೆ ದತ್ತು ದುಃಖಕ್ಕೆ ಹಚ್ಚುವ ಮುಲಾಮಲ್ಲ. ಮೊದಲು ಇಬ್ಬರೂ ಒಟ್ಟಿಗೆ ಅಳಿರಿ, ಅವಸರ ಮಾಡಬೇಡಿ.

ಉಳಿದ ನಮಗೂ ಒಂದು ಮಾತು. ಮದುವೆ ಮನೆಯಲ್ಲಿ, ಚರ್ಚಿನ ಅಂಗಳದಲ್ಲಿ "ಏನಾದರೂ ವಿಶೇಷ ಉಂಟಾ?" ಎಂದು ಕೇಳುವುದನ್ನು ಬಿಡೋಣ. ಆ ಪ್ರಶ್ನೆಗೆ ಹೆದರಿ ಪೂಜೆಗೆ ಬರುವುದನ್ನೇ ನಿಲ್ಲಿಸಿದವರು ಇದ್ದಾರೆ.

ಆ ದಂಪತಿಗಳು ಅಂದು ಮರುಪರೀಕ್ಷೆಗೆ ಒಪ್ಪಿಕೊಂಡು ಹೋದರು. ಮುಂದೇನೆಂದು ನನಗೂ ತಿಳಿಯದು. ಭಾನುವಾರ ಅವರನ್ನು ನಡುವಿನ ಸಾಲಿನಲ್ಲಿ ಕಂಡಾಗ ಮನಸ್ಸಿಗೆ ನೆಮ್ಮದಿ. ಅವರಿಗಾಗಿ, ಅವರಂತೆ ಕಾದಿರುವ ಎಲ್ಲರಿಗಾಗಿ ಇಂದು ರಾತ್ರಿ ನಿಮ್ಮ ಜಪಸರದಲ್ಲಿ ಒಂದು 'ನಮೋ ಮರಿಯಾ' ಹೇಳುವಿರಾ?

ಮನೆಯಲ್ಲಿ ಮಾತಾಡಲು: ಮಕ್ಕಳಿಲ್ಲದ ದಂಪತಿಗಳನ್ನು ನಮ್ಮ ಮನೆಯವರು ಹೇಗೆ ಕಾಣುತ್ತೇವೆ? ಮಗು ವರದಾನವೆಂದು ನಂಬುವ ನಾವು, ಇರುವ ಮಕ್ಕಳನ್ನು ಹಾಗೆ ಕಾಣುತ್ತಿದ್ದೇವೆಯೇ?