ಪೊಟ್ಟಣದ ಮೇಲಣ ಎಚ್ಚರಿಕೆ

ಪಾಠಭಾಗ: ಯೆಹೆಜ್ಕೇಲ 33:1-9

ಕತ್ತಿ ಬರುವದನ್ನು ಕಂಡು ಕೊಂಬನ್ನೂದುವ ಕಾವಲುಗಾರನ ವಿಷಯವನ್ನು ಈ ಭಾಗದಲ್ಲಿ ಓದುತ್ತೇವೆ. ಶಬ್ದವನ್ನು ಕೇಳಿದವನು ಎಚ್ಚರಗೊಳ್ಳಬೇಕು. ಶಬ್ದವೇ ಕಿವಿಗೆ ಬೀಳದಿದ್ದರೆ ಏನಾದೀತು? ಹೊಗೆಸೊಪ್ಪಿನ ವಿಷಯದಲ್ಲಿ ಇದನ್ನು ಆಲೋಚಿಸೋಣ.

ಸಿಗರೇಟು ಬೀಡಿಗಳ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರವನ್ನು ಅಚ್ಚುಹಾಕುವದು ನಮ್ಮ ದೇಶದಲ್ಲಿ 2009ನೆಯ ಮೇ 31ರಲ್ಲಿ ಆರಂಭವಾಯಿತು. ಆಗ ಮುಂಭಾಗದ ನೂರಕ್ಕೆ 40 ಪಾಲು ಮಾತ್ರ. 2016ನೆಯ ಏಪ್ರಿಲ್ 1ರಿಂದ ಎರಡು ಪಕ್ಕಗಳಲ್ಲಿಯೂ 85 ಪಾಲು. ಈ ನಿಯಮವನ್ನು ಕರ್ನಾಟಕದ ಹೈಕೋರ್ಟು 2017ನೆಯ ಡಿಸೆಂಬರಿನಲ್ಲಿ ರದ್ದುಮಾಡಿತು. 2018ನೆಯ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟದ್ದರಿಂದ ದೊಡ್ಡ ಚಿತ್ರವು ಉಳಿಯಿತು. ಒಂದು ಚಿತ್ರಕ್ಕಾಗಿ ಇಷ್ಟು ವ್ಯಾಜ್ಯವೇಕೆ? ಯಾಕಂದರೆ ಅದು ಅಕ್ಷರವರಿಯದವನೊಂದಿಗೂ ಮಾತಾಡುತ್ತದೆ. 2009-10ರ ಸರಕಾರಿ ಸಮೀಕ್ಷೆಯಲ್ಲಿ ಬೀಡಿ ಸೇದುವವರೊಳಗೆ ನೂರಕ್ಕೆ ಸುಮಾರು 29 ಮಂದಿ ಎಚ್ಚರಿಕೆಯ ದೆಸೆಯಿಂದ ಬಿಡಬೇಕೆಂದು ನೆನಸಿದ್ದರು. 2016-17ರಲ್ಲಿ ಸುಮಾರು 54 ಮಂದಿ. ನೆನಸುವದು ಬೇರೆ, ಬಿಡುವದು ಬೇರೆ ಎಂಬದು ನಿಜ. ಆದರೂ ನೆನಸದೆ ಬಿಟ್ಟವರುಂಟೇ?

ಕೋಲಾರ, ಹೊಸಕೋಟೆಯ ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೋಗುವ ನಮ್ಮವರು ಟಿನ್ ಫ್ಯಾಕ್ಟರಿಯ ಬಳಿ ಬಸ್ಸು ಇಳಿಯುವದುಂಟು. ಇಂಥ ಸ್ಥಳಗಳಲ್ಲಿ ಪೊಟ್ಟಣ ಕೊಳ್ಳುವವನಿಗಿಂತ ಒಂದೇ ಸಿಗರೇಟು ಕೇಳುವವನ ಕಷ್ಟ ದೊಡ್ಡದು. ಅಂಗಡಿಯವನು ಪೊಟ್ಟಣವನ್ನು ತನ್ನ ಬಳಿಯಲ್ಲಿಟ್ಟುಕೊಂಡು ಒಂದನ್ನು ತೆಗೆದು ಕೊಟ್ಟರೆ, ಚಿತ್ರವು ಮಾರುವವನ ಪಾಲಾಯಿತು, ಹೊಗೆಯು ಕೊಂಡವನ ಪಾಲಾಯಿತು! ಆದಕಾರಣವೇ 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಕಾನೂನು ಬಿಡಿಯಾಗಿ ಮಾರುವದನ್ನೂ 21 ವರುಷ ತುಂಬದವರಿಗೆ ಮಾರುವದನ್ನೂ ನಿಷೇಧಿಸಿರುವದು ಯುಕ್ತವೆಂದು ನನ್ನ ಅಭಿಪ್ರಾಯ. ಅಂಗಡಿಯವನನ್ನು ಮಾತ್ರ ದೂರಬೇಡಿರಿ. ನಮ್ಮ ಅಜ್ಜಿಯರು ಎಲೆಯಡಿಕೆಯ ಚೀಲದಿಂದ ನೆರೆಯವಳಿಗೆ ಕೊಡುವ ಹೊಗೆಸೊಪ್ಪಿನ ಮೇಲೆ ಯಾವ ಚಿತ್ರವಿದೆ?

2018ನೆಯ ಸೆಪ್ಟೆಂಬರಿನಿಂದ ಪೊಟ್ಟಣದ ಮೇಲೆ 1800-11-2356 ಎಂಬ ನಂಬರನ್ನೂ ಅಚ್ಚುಹಾಕುತ್ತಾರೆ. ಹಣವಿಲ್ಲದೆ ಕರೆಮಾಡಬಹುದು, ಕನ್ನಡದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಆಲೋಚನೆ ಹೇಳುತ್ತಾರೆ. ಬಿಡಿಯಾಗಿ ಕೊಳ್ಳುವವನಿಗೆ ಈ ನಂಬರೂ ಕಾಣದು. ಓದಬಲ್ಲವರು ಅದನ್ನು ಬರೆದು ಅವನಿಗೆ ಕೊಡಿರಿ. ಬಿಟ್ಟವನಿಗೆ ಮೊದಲ ಕೆಲವು ದಿವಸ ಸಿಟ್ಟೂ ನಿದ್ರೆಗೇಡೂ ಹೆಚ್ಚು. ಸಾಯಂಕಾಲದ ಪ್ರಾರ್ಥನೆಯಾದ ಮೇಲೆ ಸಭೆಯ ಹಿರಿಯರೊಬ್ಬರು ಅವನ ಸಂಗಡ ಮನೆಯ ವರೆಗೆ ನಡೆದರೆ, ಅಂಗಡಿಯ ಮುಂದೆ ಅವನು ಒಬ್ಬನೇ ಹಾದುಹೋಗಬೇಕಾಗುವದಿಲ್ಲ.