ದುಡಿಯುವ ಕೆರೆಗೆ ವಿಹಾರ ಹೋಗುವಾಗ

ರಜೆ ಸಿಕ್ಕಾಗ ನಾವು ಹುಡುಕಿಕೊಂಡು ಹೋಗುವ ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ಜನರು ಕಟ್ಟಿದವು. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕ ಹೇಳುತ್ತಾರೆ. ಹೆಚ್ಚಿನವಕ್ಕೆ ಒಂದು ಏರಿ, ತೂಬು, ಕೋಡಿ ಇವೆ. ಏರಿಯ ಕೆಳಗೆ ಆ ನೀರನ್ನೇ ನಂಬಿದ ಅಚ್ಚುಕಟ್ಟು ಇದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ಶಾಂತಿಸಾಗರವೆಂದೂ ಕರೆಸಿಕೊಳ್ಳುವ ಆ ವಿಶಾಲವಾದ ನೀರು, ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದದ್ದರಿಂದ ನಿಂತದ್ದು. ಶತಮಾನಗಳು ಕಳೆದರೂ ಅದು ಗದ್ದೆ ತೋಟಗಳಿಗೆ, ಊರುಗಳ ನಲ್ಲಿಗಳಿಗೆ ನೀರು ಕೊಡುತ್ತಲೇ ಇದೆ. ಇಂಥ ಕೆರೆಗಳನ್ನೂ ಅವುಗಳ ನೆತ್ತಿಯ ಮೇಲಿನ ಕಾಡುಗಳನ್ನೂ ಬಹುಕಾಲದಿಂದ ಸುತ್ತುತ್ತ ಬಂದಮೇಲೆ ನನ್ನಲ್ಲಿ ಗಟ್ಟಿಯಾಗಿ ಉಳಿದ ಅಭಿಪ್ರಾಯ ಇದು: ಯಾರೂ ಮುಟ್ಟದ ಪ್ರಕೃತಿಯನ್ನು ನೋಡಲು ಹೊರಟಿದ್ದೇವೆಂಬ ಭಾವನೆಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ನಾವು ಹೋಗುತ್ತಿರುವುದು ಇನ್ನೊಬ್ಬರ ದುಡಿಮೆಯ ಜಾಗಕ್ಕೆ. ಅದನ್ನು ಅರಿತು ಹೋದವರಿಗೆ ಸಿಗುವ ಸಂತೋಷ ಹೆಚ್ಚು, ಅವರಿಂದ ಆಗುವ ಹಾನಿ ಕಡಿಮೆ, ಅವರ ಜೀವಕ್ಕೂ ಅಪಾಯ ಕಡಿಮೆ.

ಜೀವದ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಪ್ರತಿ ಬೇಸಿಗೆ ರಜೆಯಲ್ಲೂ ಕೆರೆಗೆ ಈಜಲು ಇಳಿದ ಮಕ್ಕಳ ಸಾವಿನ ಸುದ್ದಿ ಎಲ್ಲಿಂದಲಾದರೂ ಬರುತ್ತದೆ. ದಡದಲ್ಲಿ ನಿಂತು ಕೆರೆಯ ಆಳವನ್ನು ಊಹಿಸಲು ಆಗುವುದಿಲ್ಲ. ನೀರು ಇಳಿದ ತಿಂಗಳುಗಳಲ್ಲಿ ಅಂಗಳದಿಂದ ಗೋಡು ಹೊಡೆಯುತ್ತಾರೆ, ಇಟ್ಟಿಗೆಗೂ ರಸ್ತೆಗೂ ಮಣ್ಣು ತೆಗೆಯುತ್ತಾರೆ. ಮಳೆ ಬಂದು ಕೆರೆ ತುಂಬಿದರೆ ಆ ಗುಂಡಿಗಳೆಲ್ಲ ಒಂದೇ ಸಮನಾದ ನೀರಿನ ಕೆಳಗೆ ಮರೆಯಾಗುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನ ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ. ಹೂಳು ತುಂಬಿದ ಕಡೆ ಕಾಲು ಹೂತುಕೊಳ್ಳುತ್ತದೆ. ತೂಬು ತೆರೆದಿದ್ದರೆ ಅದರ ಬಾಯಿಯ ಬಳಿ ಮೇಲೆ ಕಾಣದ ಸೆಳೆತ ಇರುತ್ತದೆ. ಇದೆಲ್ಲ ಊರಿನ ನೀರುಗಂಟಿಗೆ, ಬಲೆ ಬೀಸುವವರಿಗೆ, ಎಮ್ಮೆ ಮೈ ತೊಳೆಯಲು ಬರುವವರಿಗೆ ಗೊತ್ತಿರುವ ಸಂಗತಿ. ಎಲ್ಲಿ ಇಳಿಯಬಹುದು ಎಂದು ಅವರನ್ನು ಒಂದು ಮಾತು ಕೇಳಿದರೆ ಸಾಕು. ಆದರೆ ಕೆರೆಯನ್ನು ಬರಿಯ ದೃಶ್ಯವೆಂದು ಎಣಿಸಿದವನಿಗೆ ಅಲ್ಲಿ ಕೇಳಬೇಕಾದವರು ಇದ್ದಾರೆಂಬುದೇ ಹೊಳೆಯುವುದಿಲ್ಲ.

ಹಕ್ಕಿಗಳ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟ. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದವು. ಎರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾಗಡಿಯಲ್ಲಿ ಹಗಲೆಲ್ಲ ನೀರಿನ ಮೇಲೂ ದಡದಲ್ಲೂ ದಣಿವಾರಿಸಿಕೊಂಡು, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹಾರುತ್ತವೆ. ಅಂದರೆ ನಾವು ನೋಡಿ ಹಿಗ್ಗುವ ಹಿಂಡಿಗೆ ಊಟ ಹಾಕುತ್ತಿರುವುದು ಅಲ್ಲಿನ ರೈತರ ಬೆಳೆ. ಹಗಲಿನ ವಿಶ್ರಾಂತಿಯ ಹೊತ್ತಿನಲ್ಲಿ ಫೋಟೋಕ್ಕೆಂದು ಹತ್ತಿರ ಹೋಗಿ ಅವನ್ನು ಎಬ್ಬಿಸಿದರೆ, ಆ ಹಾರಾಟಕ್ಕೆ ವೆಚ್ಚವಾದ ಶಕ್ತಿಯನ್ನು ಹಕ್ಕಿ ಮತ್ತೆ ಹೊಲದಿಂದಲೇ ತುಂಬಿಕೊಳ್ಳಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಆಲದಂಥ ಮರಗಳಲ್ಲಿ. ಹುಣಸೆ ಬಡಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ ಆದ್ದರಿಂದ ಹಣ್ಣಿನ ಆದಾಯವನ್ನು ಬಿಟ್ಟುಕೊಟ್ಟ ಮನೆಗಳು ಅಲ್ಲಿವೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಬಿಸಿಲು ಏರಿದಾಗ ಕೊಕ್ಕರೆ ರೆಕ್ಕೆ ಬಿಚ್ಚಿ ನಿಂತು ಮರಿಗಳಿಗೆ ನೆರಳು ಕೊಡುತ್ತದೆ. ಮರದ ಕೆಳಗೆ ಗಲಾಟೆಯಾಗಿ ತಾಯಿ ಹಾರಿತೆಂದರೆ ಅಷ್ಟು ಹೊತ್ತು ಮರಿ ಬರಿಯ ಬಿಸಿಲಿನಲ್ಲಿ ಬೇಯುತ್ತದೆ. ಇದು ತಿಳಿದಿದ್ದರೆ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೋಗಬೇಕು, ದೂರದಲ್ಲೇ ಕೂತಿರಬೇಕು ಎಂದು ಯಾರೂ ನಿಯಮ ಮಾಡಿ ಹೇಳಬೇಕಾಗಿಲ್ಲ. ಒಂದೇ ಕಡೆ ಕದಲದೆ ಕೂತವನಿಗೆ ಹಕ್ಕಿಗಳ ದಿನಚರಿಯೇ ಕಾಣಸಿಗುತ್ತದೆ. ಅದು ನಾಲ್ಕು ಜಾಗ ಓಡಾಡಿದವನಿಗೆ ದಕ್ಕುವುದಲ್ಲ.

ಕಾಡಿಗೆ ಹೋದರೂ ಇದೇ ಕಥೆ. ಮಲೆನಾಡಿನಲ್ಲಿ ದಾರಿಪಕ್ಕ ಹಸಿರಾಗಿ ಕಾಣುವುದೆಲ್ಲ ದಟ್ಟ ಅಡವಿಯಲ್ಲ. ಅದರಲ್ಲಿ ಸೊಪ್ಪಿನಬೆಟ್ಟ ಇರುತ್ತದೆ, ಕಾನು ಇರುತ್ತದೆ, ಕೊಡಗಿನಲ್ಲಾದರೆ ದೇವರಕಾಡು ಇರುತ್ತದೆ. ಅಡಿಕೆ ತೋಟದವರು ದರಗು ಗುಡಿಸುವ, ಸೊಪ್ಪು ಕಡಿಯುವ ಬೆಟ್ಟದಲ್ಲಿ ಪ್ರವಾಸಿಗರು ಎಲ್ಲೆಂದರಲ್ಲಿ ಜಮಖಾನ ಹಾಸಿ ಕೂರುವುದನ್ನು ನೋಡಿದಾಗ ನನಗೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣ್ಣೆಗಳಿಂದ ಹರಡುತ್ತದೆ. ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ, ಎಳೆಯ ಉಣ್ಣೆಗಳು ತರಗೆಲೆಯಲ್ಲಿ ಹೆಚ್ಚಿರುವಾಗ, ಅದರ ಹಾವಳಿ ಜಾಸ್ತಿ. ಚಾರಣಕ್ಕೆ ಹಿತವೆಂದು ನಗರದವರು ಆರಿಸುವುದೂ ಆ ಒಣ ತಿಂಗಳುಗಳನ್ನೇ. ಕಾಡಿನಲ್ಲಿ ದುಡಿಯುವವರು ಮೈಗೆ ಎಣ್ಣೆ ಸವರಿಕೊಂಡು, ಮೈಮುಚ್ಚುವ ಬಟ್ಟೆ ತೊಟ್ಟು ಹೋಗುತ್ತಾರೆ. ಬಂದಮೇಲೆ ಬಿಸಿನೀರಿನಲ್ಲಿ ಮಿಂದು ಮೈ ನೋಡಿಕೊಳ್ಳುತ್ತಾರೆ. ಮಂಗ ಸತ್ತ ಸುದ್ದಿಯಿದ್ದ ಕಡೆಗೆ ಹೋಗುವುದಿಲ್ಲ. ಇದಕ್ಕಿಂತ ಉಪಯುಕ್ತ ಪ್ರವಾಸ ಮಾರ್ಗದರ್ಶಿ ಬೇರೆಲ್ಲೂ ಸಿಗದು.

ಇದಕ್ಕೆ ಎದುರಾಗಿ ಕೇಳಿಬರುವ ಮೊದಲ ಮಾತು ನ್ಯಾಯವಾದದ್ದೇ: ವಾರವಿಡೀ ದುಡಿದು ದಣಿದವರು ಎರಡು ದಿನ ಮನಸ್ಸು ಹಗುರ ಮಾಡಿಕೊಳ್ಳಲು ಹೋಗುತ್ತಾರೆ, ಅವರಿಗೆ ತೂಬು, ಕೋಡಿ, ಉಣ್ಣೆಗಳ ಪಾಠ ಯಾಕೆ? ದಣಿವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶನಿವಾರ ನಸುಕಿಗೆ ಹೊರಟು ಒಂದು ಜಲಪಾತ, ಒಂದು ಕೆರೆ, ಒಂದು ಬೆಟ್ಟ, ಒಂದು ದೇವಸ್ಥಾನ ಮುಗಿಸಿ ಭಾನುವಾರ ರಾತ್ರಿ ಹಿಂತಿರುಗುವ ಪ್ರವಾಸದಲ್ಲಿ ವಿಶ್ರಾಂತಿ ಎಲ್ಲಿದೆ? ಹೆಚ್ಚಿನ ಹೊತ್ತು ಕಾರಿನೊಳಗೆ, ಉಳಿದದ್ದು ಪಾರ್ಕಿಂಗಿನಲ್ಲಿ ಕಳೆಯುತ್ತದೆ. ಮನೆಯಿಂದ ಒಂದೆರಡು ಗಂಟೆಯ ದೂರದ, ಹೆಸರಿಲ್ಲದ ಒಂದು ತಾಲ್ಲೂಕು ಕೆರೆಯನ್ನು ಆರಿಸಿಕೊಂಡು ಮಳೆಗಾಲ ಮುಗಿದೊಡನೆ ಒಮ್ಮೆ, ನೀರು ಇಳಿದಾಗ ಮತ್ತೊಮ್ಮೆ ಹೋಗಿ ನೋಡಿ. ಏರಿಯ ಉದ್ದಕ್ಕೂ ನಡೆದು, ಕೋಡಿಯ ಬಳಿ ಇಳಿದು, ಕಾಲುವೆ ಹಿಡಿದು ಗದ್ದೆಯವರೆಗೆ ಹೋಗಿಬರಲು ಒಂದು ಮುಂಜಾನೆ ಸಾಕು. ಸಾಧ್ಯವಾದರೆ ಹಿಂದಕ್ಕೂ, ಕೆರೆಗೆ ನೀರು ತರುವ ಹಳ್ಳದ ಜಾಡಿನಲ್ಲಿ ಮೇಲಿನ ಕುರುಚಲು ಕಾಡಿನತ್ತ ನಡೆಯಬೇಕು. ಮೇಲಿನ ಗಿಡಮರ ಹೋದ ಕಡೆ ಕೆರೆ ಯಾಕೆ ಬೇಗ ಹೂಳು ತುಂಬುತ್ತದೆಂಬುದು ಕಾಲಕೆಳಗಿನ ಕೊರಕಲುಗಳನ್ನು ನೋಡಿದರೆ ತಾನಾಗಿಯೇ ತಿಳಿಯುತ್ತದೆ. ಅರಿವಿನಿಂದ ಸಂತೋಷ ಕುಂದುತ್ತದೆಂದು ಹೇಳುವವರನ್ನು ನಾನು ಒಪ್ಪಲಾರೆ. ರಾಗ ಗುರುತಿಸಬಲ್ಲವನಿಗೆ ಸಂಗೀತ ಹೆಚ್ಚು ಹಿತವಾಗುವಂತೆ ಇಲ್ಲಿಯೂ ಆಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಪ್ರವಾಸಿಗರು ಬಂದರೆ ತಾನೆ ಹಳ್ಳಿಗೆ ನಾಲ್ಕು ಕಾಸು? ಹೌದು, ಹೋಮ್‌ಸ್ಟೇ, ಹೋಟೆಲು, ಜೀಪು, ಮಾರ್ಗದರ್ಶಕರು ಎಂದು ಹಲವು ಮನೆಗಳ ಒಲೆ ಉರಿಯುವುದು ಇದರಿಂದಲೇ. ಆದರೆ ಆ ಹಣ ಯಾರ ಕೈ ಸೇರುತ್ತದೆ ಎಂದು ಕೇಳಲೇಬೇಕು. ನಗರದಿಂದಲೇ ಊಟ, ನೀರಿನ ಬಾಟಲಿ ತುಂಬಿಕೊಂಡು ಬಂದು, ಏರಿಯ ಮೇಲೆ ಗಾಡಿ ನಿಲ್ಲಿಸಿ, ಒಡೆದ ಬಾಟಲಿ ಬಿಟ್ಟುಹೋಗುವ ಗುಂಪು ಊರಿಗೆ ಕೊಡುವುದು ಏನೂ ಇಲ್ಲ. ನಾಟಿಗೆ ಇಳಿದವರ ಕಾಲಿಗೆ ಆ ಗಾಜು ಚುಚ್ಚುತ್ತದೆ. ಊರಿನ ಮನೆಯಲ್ಲಿ ಉಂಡು, ಊರಿನವರನ್ನೇ ದಾರಿ ತೋರಿಸಲು ಕರೆದುಕೊಂಡು, ಒಂದು ರಾತ್ರಿ ಉಳಿಯುವ ನಾಲ್ಕು ಜನ ಹಾಗೆ ಬಂದುಹೋಗುವ ನಲವತ್ತು ಜನರಿಗಿಂತ ಹಳ್ಳಿಗೆ ಲಾಭ.

ಹಾಗಾದರೆ ಜನರ ಸಂಖ್ಯೆಗೆ ಮಿತಿ ಹಾಕಬೇಕೇ? ಬೆಟ್ಟದ ಕಾಡುಗಳಲ್ಲಿ ಹಾಕಲೇಬೇಕೆಂದು ನನ್ನ ನಿಲುವು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಪುಷ್ಪಗಿರಿ ವನ್ಯಜೀವಿಧಾಮದ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ದೃಶ್ಯವನ್ನು ನಾಡೆಲ್ಲ ನೋಡಿತು. ಆಮೇಲೆ ಸರ್ಕಾರ ಚಾರಣಗಳನ್ನು ತಡೆಹಿಡಿದು, ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಕ್ರಮಕ್ಕೆ ಬಂತು. ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲು ಮಳೆನೀರನ್ನು ಹೀರಿಕೊಂಡು ತೊರೆಗಳಿಗೆ ನಿಧಾನವಾಗಿ ಬಿಡುವ ನೆಲ; ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಕುದುರೆಮುಖದ ಇಂಥ ಶಿಖರಗಳ ಮಡಿಲಲ್ಲಿ. ಬೂಟುಗಳ ತುಳಿತಕ್ಕೆ ಹುಲ್ಲು ಹೋಗಿ ದಾರಿ ಅಗಲವಾದರೆ, ಮುಂದಿನ ಮುಂಗಾರಿನಲ್ಲಿ ಆ ದಾರಿಯೇ ಕೊಚ್ಚೆ ಹರಿಯುವ ಕಾಲುವೆಯಾಗುತ್ತದೆ. ಆದರೆ ಮೊಬೈಲಿನಲ್ಲಿ ಬೇಗ ಬುಕ್ ಮಾಡಬಲ್ಲವರಿಗಷ್ಟೇ ಬೆಟ್ಟ ಎಂದಾಗಬಾರದೆಂಬ ದೂರಿನಲ್ಲೂ ಹುರುಳಿದೆ. ಪ್ರತಿದಿನದ ಟಿಕೆಟ್‌ಗಳಲ್ಲಿ ಒಂದು ಪಾಲನ್ನು ಬೆಟ್ಟದ ಬುಡದ ಊರಿನಲ್ಲೇ ನೇರವಾಗಿ ಕೊಡಬಹುದು, ಸರ್ಕಾರಿ ಶಾಲೆಯ ಮಕ್ಕಳಿಗೆ ಕೆಲವು ದಿನಗಳನ್ನು ಮೀಸಲಿಡಬಹುದು.

ಬಯಲುಸೀಮೆಯ ಕೆರೆಗಳಿಗೆ ಟಿಕೆಟ್ ಬೇಡ. ಅಲ್ಲಿಗೆ ಬೇಕಾದದ್ದು ಗ್ರಾಮ ಪಂಚಾಯಿತಿಯಿಂದಲೇ ಆಗುವ ಸಣ್ಣ ಕೆಲಸ. ಏರಿ ಶುರುವಾಗುವ ಕಡೆ ಒಂದು ಫಲಕ ನೆಡಬೇಕು. ತೂಬು ಎಲ್ಲಿದೆ, ಎಲ್ಲಿ ಇಳಿಯಬಾರದು, ಗೋಡು ಎಲ್ಲಿ ತೆಗೆದಿದ್ದಾರೆ, ಯಾವ ತಿಂಗಳು ಹಕ್ಕಿ ಗೂಡು ಕಟ್ಟುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಊರಿನಲ್ಲಿ ಯಾರ ಮನೆಯಲ್ಲಿ ಊಟ ಸಿಗುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಪ್ರತಿ ವರ್ಷ ಕೆರೆ ಬತ್ತಿದಾಗ ನೀರುಗಂಟಿಯನ್ನೂ ಮೀನುಗಾರರನ್ನೂ ಕೂರಿಸಿಕೊಂಡು ಕೇಳಿ ಅದನ್ನು ತಿದ್ದಿ ಬರೆಯಬೇಕು, ಏಕೆಂದರೆ ಗುಂಡಿಗಳ ಜಾಗ ವರ್ಷವರ್ಷವೂ ಬದಲಾಗುತ್ತದೆ.